ಸ್ಕ್ರೀನಿನಲ್ಲಿ ಕಂಡ ಬಣ್ಣ ಪ್ರಿಂಟಿನಲ್ಲಿ ಯಾಕೆ ಬರುವುದಿಲ್ಲ, ಹತ್ತಿರ ತರುವುದು ಹೇಗೆ

ಲೇಬಲ್, ಕರೆಯೋಲೆ, ಪೋಸ್ಟರ್ ಮಾಡಿಸಬೇಕು ಅಂದ್ರೆ ಮೊದಲೆಲ್ಲ ಪ್ರೆಸ್ಸಿಗೆ ಹೋಗಿ ಡಿಟಿಪಿ ಮಾಡುವವರ ಪಕ್ಕ ಕೂರಬೇಕಿತ್ತು. ಈಗ ಶಿರಸಿ, ಸಿದ್ದಾಪುರದ ಕಡೆ ಮುರುಗಲು ಶರಬತ್ತು, ಜೋನಿ ಬೆಲ್ಲ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುವ ಎಷ್ಟೋ ಮನೆಗಳಲ್ಲಿ ಲೇಬಲ್ಲೂ ಮನೆಯಲ್ಲೇ ತಯಾರಾಗುತ್ತದೆ. ಗೋಕರ್ಣದ ಹೋಂಸ್ಟೇಯವರು ಕರಪತ್ರ ತಾವೇ ಮಾಡಿಕೊಳ್ಳುತ್ತಾರೆ. ಊರಿನ ಯಕ್ಷಗಾನದ ಪೋಸ್ಟರ್ ಯಾರೋ ಹುಡುಗರು ರಾತ್ರಿ ಕೂತು ಮೊಬೈಲಿನಲ್ಲಿ ಮಾಡಿದ್ದು. ಫೈಲನ್ನು ವಾಟ್ಸಾಪಿನಲ್ಲಿ ಪ್ರೆಸ್ಸಿಗೆ ಕಳಿಸಿದರೆ ಕೆಲಸ ಮುಗೀತು ಅಂದುಕೊಳ್ಳುತ್ತೇವೆ. ಪ್ರಿಂಟ್ ಕೈಗೆ ಬಂದಾಗ ನೋಡಿದರೆ ತೋಟದ ಹಸಿರು ಮಂಕಾಗಿದೆ, ಕಡಲಿನ ನೀಲಿ ನೇರಳೆಗೆ ತಿರುಗಿದೆ, ಸಂಜೆಯ ಕೇಸರಿ ಇಟ್ಟಿಗೆ ಬಣ್ಣ ಆಗಿದೆ. "ಮೊಬೈಲಲ್ಲಿ ಹೀಗಿರಲಿಲ್ಲ ಮಾರಾಯ್ರೆ" ಅಂತ ಇವರು, "ನೀವು ಕಳಿಸಿದ್ದನ್ನೇ ಹೊಡೆದಿದ್ದೇವೆ" ಅಂತ ಅವರು. ಇಬ್ಬರು ಹೇಳುವುದೂ ನಿಜ.

ಯಾರ ತಪ್ಪೂ ಇಲ್ಲದೆ ಬಣ್ಣ ಬದಲಾಗುತ್ತದೆ. ಯಾಕೆ ಬದಲಾಗುತ್ತದೆ ಅಂತ ಒಮ್ಮೆ ಅರ್ಥವಾದರೆ, ಎಷ್ಟು ಬದಲಾಗುತ್ತದೆ ಅನ್ನುವುದನ್ನು ದುಡ್ಡು ಕೊಡುವ ಮೊದಲೇ ನೋಡಿಕೊಳ್ಳಬಹುದು. ಮನೆಮಟ್ಟದಲ್ಲಿ ವ್ಯಾಪಾರ ಮಾಡುವವರಿಗೆ ಸಾವಿರ ಲೇಬಲ್ ಹಾಳಾಗುವುದು ಸಣ್ಣ ನಷ್ಟ ಅಲ್ಲ. ಅದಕ್ಕೇ ಇದನ್ನು ಬುಡದಿಂದ ಹೇಳುತ್ತೇನೆ.

ಒಂದು ಕಡೆ ಬೆಳಕು, ಇನ್ನೊಂದು ಕಡೆ ಇಂಕ್

ಮೊಬೈಲ್ ಇರಲಿ ಕಂಪ್ಯೂಟರ್ ಇರಲಿ, ಸ್ಕ್ರೀನ್ ತಾನೇ ಬೆಳಕು ಕೊಡುತ್ತದೆ. ಅದರಲ್ಲಿ ಲಕ್ಷಗಟ್ಟಲೆ ಪುಟ್ಟ ಚುಕ್ಕೆಗಳಿವೆ, ಪಿಕ್ಸೆಲ್ ಅನ್ನುತ್ತಾರಲ್ಲ, ಅವು. ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಉರಿಸಿ ಅವು ಬಣ್ಣ ತೋರಿಸುತ್ತವೆ. ಮೂರೂ ಆರಿದರೆ ಕಪ್ಪು. ಮೂರೂ ಪೂರ್ತಿ ಉರಿದರೆ ಬಿಳಿ. ಕೆಂಪು ಮತ್ತು ಹಸಿರು ಮಾತ್ರ ಉರಿದರೆ ಹಳದಿ. ಒಂದೊಂದು ಬೆಳಕನ್ನೂ 0 ಯಿಂದ 255 ರವರೆಗೆ ಏರಿಸಿ ಇಳಿಸಬಹುದು, ಹಾಗಾಗಿ ಒಟ್ಟು ಸುಮಾರು 1.68 ಕೋಟಿ ಬಣ್ಣಗಳ ಲೆಕ್ಕ ಸಿಗುತ್ತದೆ. ಈ ಪದ್ಧತಿಗೆ ಆರ್‌ಜಿಬಿ ಅಂತ ಹೆಸರು.

ಕಾಗದಕ್ಕೆ ಸ್ವಂತ ಬೆಳಕಿಲ್ಲ. ಮೇಲೆ ಬಿದ್ದ ಬೆಳಕನ್ನು ಅದು ವಾಪಸ್ ಕಳಿಸುತ್ತದೆ, ನಡುವೆ ಇರುವ ಇಂಕ್ ಅದರಲ್ಲಿ ಒಂದು ಪಾಲನ್ನು ಹೀರಿಕೊಳ್ಳುತ್ತದೆ. ಸಯಾನ್ ಇಂಕ್ ಕೆಂಪು ಬೆಳಕನ್ನು ಹೀರುತ್ತದೆ, ಮಜೆಂಟಾ ಹಸಿರನ್ನು, ಹಳದಿ ನೀಲಿಯನ್ನು. ಸಯಾನ್ ಮೇಲೆ ಹಳದಿ ಬಿದ್ದರೆ ಕೆಂಪೂ ಹೋಯಿತು, ನೀಲಿಯೂ ಹೋಯಿತು, ಉಳಿದದ್ದು ಹಸಿರು. ಮೂರೂ ಸೇರಿದರೆ ಲೆಕ್ಕದ ಪ್ರಕಾರ ಕಪ್ಪಾಗಬೇಕು. ಆದರೆ ನಿಜವಾದ ಇಂಕುಗಳು ಅಷ್ಟು ಶುದ್ಧವಾಗಿರುವುದಿಲ್ಲ, ಮೂರೂ ಸೇರಿ ಕೆಸರಿನಂಥ ಕಂದು ಬಣ್ಣ ಬರುತ್ತದೆ. ಅದಕ್ಕಾಗಿ ನಾಲ್ಕನೆಯದಾಗಿ ಕಪ್ಪು ಇಂಕ್ ಸೇರಿಸುತ್ತಾರೆ. ಇದೇ ಸಿಎಂವೈಕೆ, ಪ್ರೆಸ್ಸಿನವರು ಫೋರ್ ಕಲರ್ ಅಥವಾ ಮಲ್ಟಿಕಲರ್ ಅನ್ನುವುದು ಇದಕ್ಕೇ.

ಇಲ್ಲಿ ಒಂದು ವಿಷಯ ಗಮನಿಸಿ. ಸ್ಕ್ರೀನಿನಲ್ಲಿ ಬಣ್ಣ ಸೇರಿಸಿದಷ್ಟೂ ಬೆಳಕು ಜಾಸ್ತಿ ಆಗುತ್ತದೆ, ಕಾಗದದಲ್ಲಿ ಇಂಕ್ ಸೇರಿಸಿದಷ್ಟೂ ಬೆಳಕು ಕಡಿಮೆ ಆಗುತ್ತದೆ. ಸಾಮಾನ್ಯ ಪ್ರೆಸ್ಸಿನಲ್ಲಿ ಬಿಳಿ ಇಂಕ್ ಅನ್ನುವುದೇ ಇರುವುದಿಲ್ಲ. ಪ್ರಿಂಟಿನಲ್ಲಿ ಬಿಳಿ ಅಂದ್ರೆ ಕಾಗದ, ಕಾಗದ ಎಷ್ಟು ಬೆಳ್ಳಗಿದೆಯೋ ಅಷ್ಟೇ.

ನಿಮ್ಮ ಮನೆಯಲ್ಲಿರುವ ಯಾವುದಾದರೂ ಬಣ್ಣದ ಕರೆಯೋಲೆಯನ್ನೋ ವಾರಪತ್ರಿಕೆಯ ಮುಖಪುಟವನ್ನೋ ತೆಗೆದುಕೊಂಡು ಭೂತಗನ್ನಡಿಯಲ್ಲಿ ನೋಡಿ. ಭೂತಗನ್ನಡಿ ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾದ ಝೂಮ್ ಸಾಕು. ದೂರದಿಂದ ಒಂದೇ ಸಮ ಕಾಣುತ್ತಿದ್ದ ಮುಖದ ಬಣ್ಣ ಹತ್ತಿರದಲ್ಲಿ ಚುಕ್ಕೆ ಚುಕ್ಕೆಯಾಗಿ ಒಡೆಯುತ್ತದೆ. ಮಜೆಂಟಾ ಚುಕ್ಕೆ, ಹಳದಿ ಚುಕ್ಕೆ, ಅಲ್ಲಲ್ಲಿ ಸಯಾನ್, ನೆರಳಿರುವ ಕಡೆ ಕಪ್ಪು. ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟ್, ಒಂದೊಂದು ಪ್ಲೇಟಿನ ಚುಕ್ಕೆಸಾಲು ಒಂದೊಂದು ಕೋನಕ್ಕೆ ಓರೆಯಾಗಿರುತ್ತದೆ, ಎಲ್ಲ ಸೇರಿದಾಗ ಪುಟ್ಟ ಹೂವಿನ ಹಾಗೆ ಒಂದು ವಿನ್ಯಾಸ ಕಾಣುತ್ತದೆ. ತಿಳಿ ಗುಲಾಬಿ ಬಣ್ಣಕ್ಕೆ ಬೇರೆ ತಿಳಿ ಇಂಕ್ ಬಳಸುವುದಿಲ್ಲ. ಅದೇ ಮಜೆಂಟಾವನ್ನು ಚಿಕ್ಕ ಚುಕ್ಕೆಯಾಗಿ ಇಟ್ಟು ಸುತ್ತಲಿನ ಕಾಗದದ ಬಿಳಿಯನ್ನು ಹೆಚ್ಚು ಬಿಡುತ್ತಾರೆ. ಹೀಗೆ ಪ್ಲೇಟಿನಿಂದ ಹೊಡೆಯುವ ರೀತಿಗೆ ಆಫ್‌ಸೆಟ್ ಅನ್ನುತ್ತಾರೆ, ಒಳ್ಳೆಯ ಆಫ್‌ಸೆಟ್ ಕೆಲಸದಲ್ಲಿ ಇಂಚಿಗೆ 150 ಸಾಲಿನಷ್ಟು ಚುಕ್ಕೆಗಳಿರುವುದು ಸಾಮಾನ್ಯ. ಅಷ್ಟು ಸಣ್ಣದನ್ನು ಕಣ್ಣು ಬಿಡಿಸಿ ನೋಡಲಾರದು, ಬೆರೆಸಿ ಒಂದೇ ಬಣ್ಣ ಅಂತ ತಿಳಿಯುತ್ತದೆ.

ಇಂಕಿಗೆ ಎಟುಕದ ಬಣ್ಣಗಳು

ಒಂದು ಸಾಧನ ತೋರಿಸಬಲ್ಲ ಬಣ್ಣಗಳ ಒಟ್ಟು ವ್ಯಾಪ್ತಿಗೆ ಗ್ಯಾಮಟ್ ಅನ್ನುತ್ತಾರೆ. ಸ್ಕ್ರೀನಿನ ಗ್ಯಾಮಟ್ ದೊಡ್ಡದು, ನಾಲ್ಕು ಇಂಕಿನದು ಚಿಕ್ಕದು. ಪೂರ್ತಿ ಚಿಕ್ಕದು ಅಂತಲೂ ಅಲ್ಲ, ಶುದ್ಧ ಸಯಾನಿನ ಕೆಲವು ಛಾಯೆಗಳು ಸಾಮಾನ್ಯ ಸ್ಕ್ರೀನಿಗೇ ಎಟುಕುವುದಿಲ್ಲ. ಆದರೆ ನಮ್ಮ ಕಡೆಯ ಫೋಟೋಗಳಲ್ಲಿ ಜಾಸ್ತಿ ಬರುವ ಬಣ್ಣಗಳೇ ತೊಂದರೆಯ ಬಣ್ಣಗಳು. ಮಳೆ ನಿಂತ ಮೇಲೆ ಅಡಕೆ ತೋಟದಲ್ಲಿ ಬಿಸಿಲು ಹಾಯ್ದ ಎಲೆಯ ಹಸಿರು, ಕಾರವಾರದ ಕಡಲ ಮೇಲಿನ ಗಾಢ ನೀಲಿ, ಓಂ ಬೀಚಿನ ಸೂರ್ಯಾಸ್ತದ ಉರಿಯುವ ಕಿತ್ತಳೆ. ಇವೆಲ್ಲ ಸ್ಕ್ರೀನಿನಲ್ಲಿ ಬೆಳಕಾಗಿ ಹೊಳೆಯುತ್ತವೆ. ಇಂಕ್ ಅಲ್ಲಿಯವರೆಗೆ ಹೋಗಲಾರದು. ಪ್ರೆಸ್ ಎಷ್ಟೇ ಒಳ್ಳೆಯದಿರಲಿ, ಕೆಲಸಗಾರ ಎಷ್ಟೇ ಪಳಗಿದವನಿರಲಿ, ಸಯಾನ್ ಮತ್ತು ಹಳದಿ ಸೇರಿ ಆಗುವ ಹಸಿರಿಗೆ ಒಂದು ಮಿತಿ ಇದೆ.

ಎಟುಕದ ಬಣ್ಣವನ್ನು ಏನಾದರೂ ಮಾಡಿ ಒಳಗೆ ತರಬೇಕಲ್ಲ, ಅದನ್ನು ಮಾಡುವುದಕ್ಕೆ ಮುಖ್ಯವಾಗಿ ಎರಡು ರೀತಿ ಇವೆ. ಭಾಗವತರಿಗೆ ಒಂದು ಪದ್ಯದ ಮೇಲಿನ ಸ್ವರ ಇವತ್ತು ಸಿಗುತ್ತಿಲ್ಲ ಅಂತ ಇಟ್ಟುಕೊಳ್ಳಿ. ಶ್ರುತಿಯನ್ನೇ ಇಳಿಸಿ ಇಡೀ ಪದ್ಯ ಹಾಡಬಹುದು, ಆಗ ಎಲ್ಲ ಸ್ವರವೂ ಕೆಳಗಿಳಿಯುತ್ತದೆ, ಆದರೆ ಒಂದಕ್ಕೊಂದರ ಸಂಬಂಧ ಕೆಡುವುದಿಲ್ಲ. ಇಲ್ಲವಾದರೆ ಶ್ರುತಿ ಹಾಗೇ ಇಟ್ಟು, ಎಟುಕದ ಆ ಸ್ವರವನ್ನು ಮಾತ್ರ ಎಟುಕುವಲ್ಲಿಗೆ ಇಳಿಸಬಹುದು. ಮೊದಲನೆಯ ರೀತಿಗೆ ಸಾಫ್ಟ್‌ವೇರಿನಲ್ಲಿ ಪರ್ಸೆಪ್ಚುವಲ್ ಅಂತ ಹೆಸರಿದೆ, ಎರಡನೆಯದಕ್ಕೆ ರಿಲೇಟಿವ್ ಕಲರಿಮೆಟ್ರಿಕ್ ಅಂತ. ಹಸಿರೇ ತುಂಬಿರುವ ತೋಟದ ಫೋಟೋಗೆ ಹೆಚ್ಚಾಗಿ ಮೊದಲನೆಯದು ಒಳ್ಳೆಯದು, ಎಲೆ ಎಲೆಗಳ ನಡುವಿನ ವ್ಯತ್ಯಾಸ ಉಳಿಯುತ್ತದೆ. ಎರಡನೆಯದರಲ್ಲಿ ಹತ್ತು ಬಗೆಯ ಹಸಿರು ಒಂದೇ ಹಸಿರಾಗಿ ಅಂಟಿಕೊಂಡ ಹಾಗೆ ಕಾಣಬಹುದು. ಲೋಗೋ ಅಥವಾ ಹೆಚ್ಚಿನ ಬಣ್ಣಗಳು ಮೊದಲೇ ಇಂಕಿನ ವ್ಯಾಪ್ತಿಯೊಳಗೆ ಇರುವ ಚಿತ್ರಕ್ಕೆ ಎರಡನೆಯದು ಸರಿ. ಎರಡನ್ನೂ ಹಾಕಿ ನೋಡುವುದಕ್ಕೆ ಒಂದು ನಿಮಿಷ ಸಾಕು, ನೋಡಿಯೇ ಆರಿಸಿಕೊಳ್ಳಿ.

ಒಂದೇ ಸಂಖ್ಯೆ, ಬೇರೆ ಬೇರೆ ಬಣ್ಣ

ಗ್ಯಾಮಟ್ ಒಂದೇ ತೊಂದರೆ ಆಗಿದ್ದರೆ ಎಷ್ಟೋ ಸುಲಭ ಇತ್ತು. ಇನ್ನೊಂದು ತೊಂದರೆ ಇದೆ, ಮತ್ತು ಜನ ಹೆಚ್ಚಾಗಿ ಎಡವುವುದು ಇಲ್ಲೇ. ಟಿವಿ ಅಂಗಡಿಯಲ್ಲಿ ಸಾಲಾಗಿ ಇಟ್ಟ ಟಿವಿಗಳಲ್ಲಿ ಒಂದೇ ಕ್ರಿಕೆಟ್ ಮ್ಯಾಚ್ ಬರುತ್ತಿರುತ್ತದೆ, ಮೈದಾನದ ಹಸಿರು ಮಾತ್ರ ಒಂದೊಂದರಲ್ಲಿ ಒಂದೊಂದು ಥರ. ಎಲ್ಲಕ್ಕೂ ಬರುವ ಸಿಗ್ನಲ್ ಒಂದೇ ತಾನೆ? ಅಂದ್ರೆ ಫೈಲಿನಲ್ಲಿ ಇರುವ ಸಂಖ್ಯೆ ಬಣ್ಣ ಅಲ್ಲ, ಸಾಧನಕ್ಕೆ ಕೊಟ್ಟ ಅಪ್ಪಣೆ ಮಾತ್ರ. ಹಸಿರು 200 ಅಂದಾಗ ಈ ಸ್ಕ್ರೀನ್ ಎಷ್ಟು ಹಸಿರು ಕೊಡುತ್ತದೆ ಅನ್ನುವುದು ಆ ಸ್ಕ್ರೀನಿಗೆ ಬಿಟ್ಟಿದ್ದು.

ಹಾಗಾಗಿ ಯಾವ ಯಂತ್ರಕ್ಕೂ ಸೇರದ ಒಂದು ಅಳತೆ ಬೇಕಾಗುತ್ತದೆ. ಮನುಷ್ಯನ ಕಣ್ಣು ಬಣ್ಣವನ್ನು ಹೇಗೆ ಹೊಂದಿಸಿ ನೋಡುತ್ತದೆ ಅನ್ನುವ ಪ್ರಯೋಗಗಳ ಆಧಾರದಲ್ಲಿ ಸಿಐಇ ಎಂಬ ಅಂತರರಾಷ್ಟ್ರೀಯ ಸಂಸ್ಥೆ 1931 ರಲ್ಲಿ ಅಂಥ ಅಳತೆ ಮಾಡಿತು. 1976 ರಲ್ಲಿ ಅದನ್ನು ಲ್ಯಾಬ್ ಅನ್ನುವ ರೂಪಕ್ಕೆ ತಂದರು. ಅದರಲ್ಲಿ ಒಂದು ಸಂಖ್ಯೆ ಎಷ್ಟು ಬೆಳಗಿದೆ ಅನ್ನುವುದಕ್ಕೆ, ಇನ್ನೊಂದು ಹಸಿರಿನಿಂದ ಕೆಂಪಿನ ಕಡೆಗೆ, ಮತ್ತೊಂದು ನೀಲಿಯಿಂದ ಹಳದಿಯ ಕಡೆಗೆ.

ಒಂದು ಸಾಧನದ ಸಂಖ್ಯೆಗಳಿಗೂ ಈ ಅಳತೆಗೂ ಇರುವ ಸಂಬಂಧವನ್ನು ಬರೆದಿಟ್ಟ ಚಿಕ್ಕ ಫೈಲಿಗೆ ಪ್ರೊಫೈಲ್ ಅನ್ನುತ್ತಾರೆ. ಇದಕ್ಕೆ ಎಲ್ಲ ಕಂಪನಿಗಳೂ ಒಪ್ಪುವ ಒಂದೇ ಮಾದರಿ ಇರಲಿ ಅಂತ 1993 ರಲ್ಲಿ ಅಡೋಬಿ, ಆಪಲ್, ಕೊಡಾಕ್, ಮೈಕ್ರೋಸಾಫ್ಟ್ ಮುಂತಾದ ಎಂಟು ಕಂಪನಿಗಳು ಸೇರಿ ಐಸಿಸಿ ಅನ್ನುವ ಕೂಟ ಕಟ್ಟಿದವು. ಪ್ರೆಸ್ಸಿನ ಪ್ರೊಫೈಲ್ ಮಾಡುವುದು ಬಹಳ ತಾಳ್ಮೆಯ ಕೆಲಸ. ಬಣ್ಣದ ಚೌಕಗಳ ಒಂದು ಚಾರ್ಟನ್ನು ಅದೇ ಯಂತ್ರದಲ್ಲಿ, ಅದೇ ಕಾಗದದ ಮೇಲೆ ಪ್ರಿಂಟ್ ಮಾಡಿ ಒಂದೊಂದು ಚೌಕವನ್ನೂ ಉಪಕರಣದಿಂದ ಅಳೆಯುತ್ತಾರೆ. ಐಟಿ8.7/4 ಅನ್ನುವ ಚಾರ್ಟಿನಲ್ಲಿ ಅಂಥ 1,617 ಚೌಕಗಳಿವೆ. ಪ್ರತಿ ಪ್ರೆಸ್ಸೂ ಇದನ್ನು ಮಾಡಿಸಿರುವುದಿಲ್ಲ, ಆಗ ಸಿದ್ಧ ಪ್ರೊಫೈಲ್ ಬಳಸುತ್ತಾರೆ. ನುಣುಪಾದ ಆರ್ಟ್ ಪೇಪರಿನ ಆಫ್‌ಸೆಟ್ ಕೆಲಸಕ್ಕೆ ಕೋಟೆಡ್ ಫೋಗ್ರಾ39 ಅನ್ನುವುದು ಫೋಟೋಶಾಪಿನ ಜೊತೆಗೇ ಬರುತ್ತದೆ. ನಿಮ್ಮ ಪ್ರೆಸ್ಸಿನವರು ಯಾವುದನ್ನು ಬಳಸುತ್ತಾರೆ ಅಂತ ಮೊದಲು ಅವರನ್ನೇ ಕೇಳಿ.

ಸ್ಕ್ರೀನಿನ ಕಡೆ ಎಲ್ಲರಿಗೂ ಸಾಮಾನ್ಯವಾದದ್ದು ಎಸ್‌ಆರ್‌ಜಿಬಿ, 1996 ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಮಾಡಿದ್ದು. ಐಫೋನ್ 7 ರಿಂದ ಈಚಿನ ಐಫೋನುಗಳು ಡಿಸ್‌ಪ್ಲೇ ಪಿ3 ಅನ್ನುವ ಇನ್ನೂ ದೊಡ್ಡ ವ್ಯಾಪ್ತಿಯಲ್ಲಿ ಫೋಟೋ ತೆಗೆಯುತ್ತವೆ. ಅಂಥ ಫೋಟೋದಿಂದ ಪ್ರೊಫೈಲ್ ಕಳಚಿಹೋದರೆ ಮುಂದಿನ ಕಂಪ್ಯೂಟರ್ ಅದನ್ನು ಎಸ್‌ಆರ್‌ಜಿಬಿ ಅಂತಲೇ ತಿಳಿಯುತ್ತದೆ, ಬಣ್ಣ ಸಪ್ಪೆ ಆಗುತ್ತದೆ. ಆದ್ದರಿಂದ ಫೈಲ್ ಸೇವ್ ಮಾಡುವಾಗ ಪ್ರೊಫೈಲ್ ಸೇರಿಸುವ ಆಯ್ಕೆ ಇದ್ದರೆ ಗುರುತು ಹಾಕಿ. ಸಾಫ್ಟ್‌ವೇರಿನಲ್ಲಿ ಅಸೈನ್ ಮತ್ತು ಕನ್ವರ್ಟ್ ಅಂತ ಎರಡು ಆಜ್ಞೆಗಳಿವೆ, ಅವುಗಳನ್ನು ಅದಲುಬದಲು ಮಾಡಬೇಡಿ. ಕನ್ವರ್ಟ್ ಮಾಡಿದರೆ ಸಂಖ್ಯೆ ಬದಲಾಗಿ ಬಣ್ಣ ಆದಷ್ಟು ಉಳಿಯುತ್ತದೆ. ಅಸೈನ್ ಮಾಡಿದರೆ ಸಂಖ್ಯೆ ಉಳಿದು ಬಣ್ಣ ಬದಲಾಗುತ್ತದೆ.

ಮೊದಲು ಸ್ಕ್ರೀನನ್ನು ಸರಿ ಮಾಡಿ

ಪ್ರಿಂಟ್ ಕಪ್ಪಾಗಿದೆ, ಮುಖ ಎಲ್ಲ ಮಸುಕಾಗಿದೆ ಅನ್ನುವ ದೂರು ಬಂದಾಗ ಬಹಳ ಸಲ ಕಾರಣ ಇದು: ಸ್ಕ್ರೀನಿನ ಬೆಳಕು ಜಾಸ್ತಿ. ಸ್ಕ್ರೀನಿನ ಬೆಳಕನ್ನು ನಿಟ್ಸ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ, ಈಗಿನ ಫೋನುಗಳಲ್ಲಿ 500 ನಿಟ್ಸ್‌ಗಿಂತ ಹೆಚ್ಚು ಬೆಳಕು ಕೊಡುವಂಥವು ಎಷ್ಟೋ ಇವೆ. ಪ್ರಿಂಟಿಗೆ ಹೋಲಿಸಿ ಕೆಲಸ ಮಾಡುವವರು ಮಾನಿಟರನ್ನು 80 ರಿಂದ 120 ನಿಟ್ಸ್ ಒಳಗೆ ಇಡುತ್ತಾರೆ. ಫೋನಿನ ಅಷ್ಟೊಂದು ಬೆಳಕಿನಲ್ಲಿ ನೋಡಿ ಫೋಟೋ ತಿದ್ದಿದರೆ, ಯಾಣದ ಬಂಡೆಯ ಕಪ್ಪಿನಲ್ಲೂ ಗೆರೆ ಗೆರೆ ಕಾಣುತ್ತದೆ. ಕಾಗದಕ್ಕೆ ಬಂದಾಗ ಅದೆಲ್ಲ ಒಂದೇ ಕಪ್ಪು ಮುದ್ದೆ.

ಸುಲಭದ ಪರೀಕ್ಷೆ ಒಂದಿದೆ. ನೀವು ಪ್ರಿಂಟ್ ಮಾಡಿಸುವ ಖಾಲಿ ಕಾಗದದ ಹಾಳೆಯನ್ನು ಹಗಲು ಬೆಳಕು ಬೀಳುವ ಕಡೆ ಸ್ಕ್ರೀನಿನ ಪಕ್ಕ ಹಿಡಿಯಿರಿ, ಸ್ಕ್ರೀನಿನಲ್ಲಿ ಖಾಲಿ ಬಿಳಿ ಪುಟ ತೆರೆಯಿರಿ, ಎರಡೂ ಒಂದೇ ಸಮ ಬೆಳಗಾಗಿ ಕಾಣುವವರೆಗೆ ಬ್ರೈಟ್‌ನೆಸ್ ಇಳಿಸಿ. ಮೊದಮೊದಲು ಸ್ಕ್ರೀನ್ ಮಂಕು ಅನ್ನಿಸುತ್ತದೆ, ಸ್ವಲ್ಪ ಹೊತ್ತಿನಲ್ಲಿ ಕಣ್ಣು ಹೊಂದಿಕೊಳ್ಳುತ್ತದೆ. ರಾತ್ರಿ ಕಣ್ಣಿಗೆ ಹಿತವಾಗಲಿ ಅಂತ ಹಳದಿ ಮಾಡುವ ನೈಟ್ ಲೈಟ್, ಸುತ್ತಲಿನ ಬೆಳಕಿಗೆ ತಕ್ಕಂತೆ ಬಣ್ಣ ಬದಲಿಸುವ ಟ್ರೂ ಟೋನ್, ಬಣ್ಣ ಏರಿಸಿ ತೋರಿಸುವ ವಿವಿಡ್ ಮೋಡ್, ಮೂರನ್ನೂ ಆಫ್ ಮಾಡಿ. ಫೋನಿನಲ್ಲಿ ನ್ಯಾಚುರಲ್ ಅಥವಾ ಸ್ಟ್ಯಾಂಡರ್ಡ್ ಅಂತ ಇದ್ದರೆ ಅದನ್ನೇ ಇಟ್ಟುಕೊಳ್ಳಿ.

ದಿನಾ ಇದೇ ಕೆಲಸ ಮಾಡುವವರು ಕ್ಯಾಲಿಬ್ರೇಟರ್ ಅನ್ನುವ ಪುಟ್ಟ ಉಪಕರಣ ತೆಗೆದುಕೊಳ್ಳುವುದು ಒಳ್ಳೆಯದು. ಅದನ್ನು ಸ್ಕ್ರೀನಿನ ಮುಂದೆ ತೂಗುಬಿಟ್ಟರೆ, ಸಾಫ್ಟ್‌ವೇರ್ ಒಂದೊಂದೇ ಬಣ್ಣ ತೋರಿಸುತ್ತದೆ, ಉಪಕರಣ ಅಳೆಯುತ್ತದೆ, ಕೊನೆಗೆ ನಿಮ್ಮ ಮಾನಿಟರಿನದೇ ಪ್ರೊಫೈಲ್ ತಯಾರಾಗುತ್ತದೆ. ಡಿಸ್‌ಪ್ಲೇಕ್ಯಾಲ್ ಅನ್ನುವ ಸಾಫ್ಟ್‌ವೇರ್ ಉಚಿತವಾಗಿಯೇ ಸಿಗುತ್ತದೆ, ಉಪಕರಣಕ್ಕೆ ಮಾತ್ರ ದುಡ್ಡು.

ಪ್ರಿಂಟ್ ಆಗುವ ಮೊದಲೇ ಪ್ರಿಂಟ್ ನೋಡುವುದು

ಪ್ರಿಂಟನ್ನು ಸ್ಕ್ರೀನಿನಷ್ಟು ಹೊಳೆಯುವಂತೆ ಮಾಡಲು ಸಾಧ್ಯವಿಲ್ಲ. ಸ್ಕ್ರೀನನ್ನು ಪ್ರಿಂಟಿನಷ್ಟು ಮಂಕಾಗಿಸಲು ಖಂಡಿತ ಸಾಧ್ಯ. ಈ ಇಡೀ ವಿದ್ಯೆ ನಿಂತಿರುವುದು ಇದರ ಮೇಲೆ. ಇದಕ್ಕೆ ಸಾಫ್ಟ್ ಪ್ರೂಫ್ ಅನ್ನುತ್ತಾರೆ.

ಫೋಟೋಶಾಪಿನಲ್ಲಿ ವ್ಯೂ ಮೆನುವಿನ ಪ್ರೂಫ್ ಸೆಟಪ್‌ಗೆ ಹೋಗಿ ಪ್ರೆಸ್ಸಿನವರು ಹೇಳಿದ ಪ್ರೊಫೈಲ್ ಆರಿಸಿ, ಆಮೇಲೆ ಕಂಟ್ರೋಲ್ ಮತ್ತು ವೈ ಒತ್ತಿದರೆ ಚಿತ್ರ ಪ್ರಿಂಟಿನ ಬಣ್ಣದಲ್ಲಿ ಕಾಣುತ್ತದೆ. ಶಿಫ್ಟನ್ನೂ ಸೇರಿಸಿ ಒತ್ತಿದರೆ ಇಂಕಿಗೆ ಎಟುಕದ ಜಾಗಗಳೆಲ್ಲ ಬೂದು ಬಣ್ಣವಾಗಿ ಎದ್ದು ಕಾಣುತ್ತವೆ. ದುಡ್ಡು ಕೊಡದೆ ಸಿಗುವ ಗಿಂಪ್, ಕ್ರಿಟಾ, ಸ್ಕ್ರೈಬಸ್‌ಗಳಲ್ಲೂ ಸಾಫ್ಟ್ ಪ್ರೂಫ್ ಸೌಲಭ್ಯ ಇದೆ. ಕಾಗದದ ಬಣ್ಣವನ್ನೂ ಅನುಕರಿಸುವ ಆಯ್ಕೆ ಹಾಕಿದರೆ ಚಿತ್ರ ಒಮ್ಮೆಲೇ ಸತ್ತ ಹಾಗೆ ಆಗುತ್ತದೆ, ಗಾಬರಿ ಬೇಡ. ಪಕ್ಕದಲ್ಲಿ ಮೆನುವಿನ ಬೆಳ್ಳನೆಯ ಪಟ್ಟಿ ಇರುವುದರಿಂದ ಹಾಗೆ ಕಾಣುವುದು. ಚಿತ್ರವನ್ನು ಪೂರ್ತಿ ಸ್ಕ್ರೀನಿಗೆ ಹಿಗ್ಗಿಸಿ, ಒಂದು ಕ್ಷಣ ಬೇರೆ ಕಡೆ ನೋಡಿ, ಆಮೇಲೆ ತಿರುಗಿ ನೋಡಿ. ಈಗ ಕಾಣುವುದು ನಿಮ್ಮ ಕೈಗೆ ಬರುವ ಪ್ರಿಂಟಿಗೆ ಬಹಳ ಹತ್ತಿರ. ತಿದ್ದುವುದಿದ್ದರೆ ಇದನ್ನು ನೋಡುತ್ತಾ ತಿದ್ದಿ.

ನೀಲಿ, ಕಪ್ಪು ಮತ್ತು ನಮ್ಮ ಒತ್ತಕ್ಷರ

ಕೋರೆಲ್‌ಡ್ರಾದಲ್ಲಿ ಕೆಲಸ ಮಾಡುವವರಿಗೆ ನೀಲಿಯ ವಿಷಯ ಗೊತ್ತಿರಲೇಬೇಕು. ಸಯಾನ್ ಶೇಕಡ 100, ಮಜೆಂಟಾ ಶೇಕಡ 100 ಹಾಕಿದರೆ ಸ್ಕ್ರೀನಿನಲ್ಲಿ ನೀಲಿ ಕಾಣಬಹುದು, ಕಾಗದದ ಮೇಲೆ ನೇರಳೆ ಬರುತ್ತದೆ. ಮಜೆಂಟಾವನ್ನು 60, 70 ಕ್ಕೆ ಇಳಿಸಿದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ.

ಇನ್ನು ಕಪ್ಪು. ಮೊಬೈಲ್ ಆಪಿನಲ್ಲಿ ಬರೆದ ಕಪ್ಪು ಅಕ್ಷರ ಆರ್‌ಜಿಬಿಯ ಕಪ್ಪು. ಅದನ್ನು ಹಾಗೇ ಸಿಎಂವೈಕೆಗೆ ಬದಲಿಸಿದರೆ ನಾಲ್ಕೂ ಇಂಕ್ ಸೇರಿದ ಕಪ್ಪಾಗುತ್ತದೆ. ನಾಲ್ಕು ಪ್ಲೇಟುಗಳು ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚಿನಲ್ಲಿ ಕೆಂಪೋ ನೀಲಿಯೋ ಇಣುಕುತ್ತದೆ. ಇಂಗ್ಲಿಷ್ ಅಕ್ಷರಗಳು ಹೇಗೋ ತಡೆದುಕೊಳ್ಳುತ್ತವೆ. ನಮ್ಮ ಒತ್ತಕ್ಷರಗಳ ಗತಿ ಬೇರೆ. ಲೇಬಲ್ಲಿನ ಹಿಂದೆ ಸಣ್ಣಕ್ಕೆ "ಸಕ್ಕರೆ, ಉಪ್ಪು, ಮುರುಗಲು ಸಿಪ್ಪೆ" ಅಂತ ಬರೆದಿರುತ್ತೇವಲ್ಲ, ಅಲ್ಲಿ ಕ್ಕ, ಪ್ಪ ಗಳ ಕೆಳಗಿನ ಆ ಪುಟ್ಟ ಸುರುಳಿಯೊಳಗಿನ ಬಿಳಿ ಜಾಗ ತುಂಬಿಹೋಗಿ ಕಪ್ಪು ಚುಕ್ಕೆ ಮಾತ್ರ ಉಳಿಯುತ್ತದೆ. ಆದ್ದರಿಂದ ಚಿಕ್ಕ ಅಕ್ಷರಕ್ಕೆ ಕಪ್ಪು ಇಂಕ್ ಮಾತ್ರ 100, ಉಳಿದ ಮೂರೂ ಸೊನ್ನೆ.

ಪೋಸ್ಟರಿನ ದೊಡ್ಡ ಕಪ್ಪು ಹಿನ್ನೆಲೆಗೆ ಬರೀ ಕಪ್ಪು ಇಂಕ್ ಹಾಕಿದರೆ ಬೂದಿಯ ಹಾಗೆ ಕಾಣುತ್ತದೆ, ಅಲ್ಲಿ ಉಳಿದ ಇಂಕುಗಳನ್ನೂ ಸ್ವಲ್ಪ ಸೇರಿಸಬೇಕು. ಸಯಾನ್ 60, ಮಜೆಂಟಾ 40, ಹಳದಿ 40, ಕಪ್ಪು 100 ಅನ್ನುವುದು ಬಳಕೆಯಲ್ಲಿರುವ ಒಂದು ಅಳತೆ. ಒಟ್ಟು 240 ಆಯಿತು. ನಾಲ್ಕನ್ನೂ 100 ಮಾಡಿದರೆ 400, ಅಷ್ಟು ಇಂಕನ್ನು ಕಾಗದ ತಡೆಯುವುದಿಲ್ಲ. ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ. ಆರ್ಟ್ ಪೇಪರಿನಲ್ಲೂ 300 ರ ಆಸುಪಾಸಿನಲ್ಲಿ ನಿಲ್ಲಿಸುತ್ತಾರೆ.

ಕಾಗದ, ಮಳೆ, ಬೆಳಕು

ಒಂದೇ ಫೈಲ್, ಒಂದೇ ಯಂತ್ರ, ಕಾಗದ ಬೇರೆ ಆದರೆ ಬಣ್ಣ ಬೇರೆ. ಆರ್ಟ್ ಪೇಪರಿನಲ್ಲಿ ಇಂಕ್ ಮೇಲೆಯೇ ನಿಲ್ಲುತ್ತದೆ, ಬಣ್ಣ ಗಟ್ಟಿಯಾಗಿ ಕಾಣುತ್ತದೆ. ಲೇಪ ಇಲ್ಲದ ಮ್ಯಾಪ್‌ಲಿಥೋ ಕಾಗದದಲ್ಲಿ ಇಂಕ್ ಒಳಗೆ ಇಂಗಿ ಚುಕ್ಕೆಗಳು ಹರಡುತ್ತವೆ, ಚಿತ್ರ ಕಪ್ಪಾಗುತ್ತದೆ, ಬಣ್ಣವೂ ಇಳಿಯುತ್ತದೆ. ತುಂಬಾ ಬೆಳ್ಳಗೆ ಕಾಣುವ ಕೆಲವು ಕಾಗದಗಳಿಗೆ ಹೊಳಪು ಕೊಡುವ ರಾಸಾಯನಿಕ ಸೇರಿಸಿರುತ್ತಾರೆ, ಬಿಸಿಲಿನಲ್ಲಿ ಅವು ಸ್ವಲ್ಪ ನೀಲಿ ಹೊಡೆಯುತ್ತವೆ. ಹೊಳಪಿನ ಗ್ಲಾಸಿ ಲ್ಯಾಮಿನೇಷನ್ ಬಣ್ಣವನ್ನು ಗಾಢ ಮಾಡುತ್ತದೆ, ಮ್ಯಾಟ್ ಲ್ಯಾಮಿನೇಷನ್ ಸ್ವಲ್ಪ ಸಪ್ಪೆ ಮಾಡುತ್ತದೆ. ಕರೆಯೋಲೆಗೆ ಮ್ಯಾಟ್ ಬೇಕು ಅಂತ ಮೊದಲೇ ಗೊತ್ತಿದ್ದರೆ ಮಾದರಿಯನ್ನೂ ಮ್ಯಾಟ್ ಹಾಕಿಸಿಯೇ ನೋಡಿ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮಳೆಗಾಲದ್ದು ಬೇರೆಯೇ ಲೆಕ್ಕ. ಜೂನಿನಿಂದ ಸೆಪ್ಟೆಂಬರ್ ತನಕ ಗಾಳಿಯಲ್ಲಿ ತೇವ, ಕಾಗದ ಅದನ್ನು ಹೀರಿ ಹಿಗ್ಗುತ್ತದೆ. ಹಿಗ್ಗಿದ ಕಾಗದದ ಮೇಲೆ ನಾಲ್ಕು ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರುವುದು ಕಷ್ಟ, ಇಂಕ್ ಒಣಗುವುದೂ ತಡ. ಆ ತಿಂಗಳುಗಳಲ್ಲಿ ಒಂದೆರಡು ದಿನ ಜಾಸ್ತಿ ಸಮಯ ಕೊಡಿ. ನಾಳೆ ಬೆಳಗ್ಗೆಯೇ ಬೇಕು ಅಂತ ಒತ್ತಾಯ ಮಾಡಿದರೆ ಪ್ರೆಸ್ಸಿನವರಿಗೂ ಬೇರೆ ದಾರಿ ಇರುವುದಿಲ್ಲ.

ಪ್ರಿಂಟನ್ನು ಯಾವ ಬೆಳಕಿನಲ್ಲಿ ನೋಡುತ್ತೀರಿ ಅನ್ನುವುದೂ ಮುಖ್ಯ. ಪ್ರಿಂಟ್ ನೋಡುವುದಕ್ಕೆ ಅಂತರರಾಷ್ಟ್ರೀಯ ಮಟ್ಟದಲ್ಲಿ ಒಪ್ಪಿದ ಬೆಳಕು 5000 ಕೆಲ್ವಿನ್. ಹಳದಿ ಬಲ್ಬಿನ ಕೆಳಗೆ ಒಂದೇ ಥರ ಕಂಡ ಎರಡು ಕೆಂಪು, ಹಗಲಿನಲ್ಲಿ ಬೇರೆ ಬೇರೆಯಾಗಿ ಕಾಣಬಹುದು. ವಿಶೇಷ ದೀಪ ಇಲ್ಲದವರು ಜಗುಲಿಗೆ ತಂದು, ನೇರ ಬಿಸಿಲು ಬೀಳದ ಕಡೆ ಹಗಲು ಬೆಳಕಿನಲ್ಲಿ ನೋಡಿದರೆ ಸಾಕು.

ಯಾವ ಪ್ರಿಂಟಿಗೆ ಯಾವ ಫೈಲ್

ಮನೆಯ ಇಂಕ್‌ಜೆಟ್ ಪ್ರಿಂಟರಿಗೆ ಆರ್‌ಜಿಬಿ ಫೈಲನ್ನೇ ಕೊಡಿ. ಅದರ ಡ್ರೈವರ್, ಅಂದ್ರೆ ಕಂಪ್ಯೂಟರಿನಲ್ಲಿ ಪ್ರಿಂಟರನ್ನು ನಡೆಸುವ ಪ್ರೋಗ್ರಾಮ್, ತಾನೇ ಇಂಕಿಗೆ ಬದಲಿಸಿಕೊಳ್ಳುತ್ತದೆ. ಕಾಗದದ ಬಗೆಯನ್ನು ಸರಿಯಾಗಿ ಆರಿಸಿ, ಮತ್ತು ಬಣ್ಣ ನೋಡಿಕೊಳ್ಳುವ ಕೆಲಸ ಫೋಟೋ ತಿದ್ದುವ ಸಾಫ್ಟ್‌ವೇರಿಗೆ ಕೊಟ್ಟಿದ್ದರೆ ಡ್ರೈವರಿನಲ್ಲಿ ಅದನ್ನು ಆಫ್ ಮಾಡಿ, ಎರಡೂ ಒಟ್ಟಿಗೆ ತಿದ್ದಿದರೆ ಬಣ್ಣ ಕೆಡುತ್ತದೆ. ಫೋಟೋ ಲ್ಯಾಬಿಗೆ ಎಸ್‌ಆರ್‌ಜಿಬಿ ಜೆಪೆಗ್. ಆಫ್‌ಸೆಟ್ ಪ್ರೆಸ್ಸಿಗೆ ಅವರು ಹೇಳಿದ ಪ್ರೊಫೈಲಿಗೆ ಬದಲಿಸಿದ ಪಿಡಿಎಫ್. ಯಾವುದೇ ಇರಲಿ, ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಬೇಡಿ, ಅದು ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ.

ಡಿಜಿಟಲ್ ಯಂತ್ರದಲ್ಲಿ ಒಂದು ಮಾದರಿ ತೆಗೆಸಿ, ಅದನ್ನು ಒಪ್ಪಿ, ಸಾವಿರ ಪ್ರತಿ ಆಫ್‌ಸೆಟ್ಟಿನಲ್ಲಿ ಮಾಡಿಸಿದರೆ ಎರಡೂ ಒಂದೇ ಆಗಿರಲಿ ಅಂತ ನಿರೀಕ್ಷೆ ಮಾಡುವ ಹಾಗಿಲ್ಲ. ಒಂದರಲ್ಲಿ ಟೋನರ್ ಪುಡಿ, ಇನ್ನೊಂದರಲ್ಲಿ ಇಂಕ್. ಫ್ಲೆಕ್ಸ್ ಅಂತೂ ಮತ್ತೊಂದೇ ಬಗೆ. ಬಣ್ಣ ಸೂಕ್ಷ್ಮವಾಗಿದ್ದರೆ, ಉದಾಹರಣೆಗೆ ಎಲ್ಲ ಬಾಟಲಿಯ ಮೇಲೂ ಒಂದೇ ಮುರುಗಲು ಕೆಂಪು ಬರಬೇಕು ಅಂತಿದ್ದರೆ, ನಾಲ್ಕು ಇಂಕಿನ ಬೆರಕೆಯನ್ನು ಬಿಟ್ಟು ಮೊದಲೇ ಕಲಸಿದ ಒಂದೇ ಇಂಕ್ ಬಳಸಬಹುದು. ಪ್ಯಾಂಟೋನ್ ಕಂಪನಿ 1963 ರಲ್ಲಿ ತಂದ ಸಂಖ್ಯೆಗಳ ಪದ್ಧತಿ ಇದಕ್ಕಾಗಿಯೇ ಇರುವುದು. ಒಂದು ಪ್ಲೇಟ್ ಜಾಸ್ತಿ ಆಗುವುದರಿಂದ ಖರ್ಚೂ ಜಾಸ್ತಿ, ಸಣ್ಣ ಆರ್ಡರಿಗೆ ಎಲ್ಲರೂ ಒಪ್ಪುವುದಿಲ್ಲ.

ಸಾಧ್ಯವಾದರೆ ಯಂತ್ರ ಓಡುವಾಗ ಮೊದಲ ಹಾಳೆಗಳನ್ನು ನೀವೇ ಹೋಗಿ ನೋಡಿ, ಇಂಕ್ ಸ್ವಲ್ಪ ಏರಿಸಿ ಇಳಿಸುವುದು ಆಗ ಮಾತ್ರ ಆಗುವ ಕೆಲಸ. ಒಪ್ಪಿಗೆಯಾದ ಹಾಳೆಯ ಮೇಲೆ ತಾರೀಕು ಹಾಕಿ, ಕಾಗದದ ಹೆಸರು ಮತ್ತು ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ) ಬರೆದು, ಒಂದು ಪ್ರತಿ ಪ್ರೆಸ್ಸಿನಲ್ಲಿ ಬಿಟ್ಟು ಇನ್ನೊಂದನ್ನು ನೀವು ಇಟ್ಟುಕೊಳ್ಳಿ. ಮುಂದಿನ ವರ್ಷ ಮತ್ತೆ ಲೇಬಲ್ ಹೊಡೆಸುವಾಗ ಮೊಬೈಲ್ ತೋರಿಸುವ ಬದಲು ಆ ಹಾಳೆಯನ್ನೇ ತೋರಿಸಿ. ಅದನ್ನು ಕಪಾಟಿನಲ್ಲಿ, ತೇವ ಮತ್ತು ಬಿಸಿಲು ತಾಗದ ಹಾಗೆ ಕವರಿನೊಳಗೆ ಇಡಬೇಕು, ಯಾಕಂದ್ರೆ ಬಿಸಿಲಿಗೆ ಮಜೆಂಟಾ ಮತ್ತು ಹಳದಿ ಬೇಗ ಮಾಸುತ್ತವೆ, ಮಾಸಿದ ಹಾಳೆಗೆ ಹೊಂದಿಸಿದರೆ ಹೊಸ ಲೇಬಲ್ಲೂ ಮಾಸಿದ ಬಣ್ಣದಲ್ಲೇ ಬರುತ್ತದೆ.